ಮಸಿ ಒರೆಸಿದ ಮೇಲೆ

"ಇದನ್ನ ಯಾರ ಮುಂದೂ ಹೇಳಬ್ಯಾಡ" ಅಂದಿದ್ರು ಅವ್ವಾರು. ನಾನು ಹೂಂ ಅಂದಿದ್ದೆ.

ಎರಡು ವರ್ಷ ಹೇಳಲಿಲ್ಲ. ನಾನು ಮಾತಾಡೋದೇ ಕಡಿಮೆ, ಹಾಗಾಗಿ ಕಷ್ಟ ಆಗ್ಲಿಲ್ಲ.

ಈಗ ಬೈಯೋಕೆ ಅವ್ವಾರು ಇಲ್ಲ. ಅವರ ಕೋಣೆಯ ತಾಳೆಗರಿಗಳನ್ನೂ ಯಾವುದೋ ದೊಡ್ಡ ಊರಿಗೆ ತಗೊಂಡು ಹೋದ್ರಂತೆ. ಮಜ್ಜಿಗೆ ಹುಲ್ಲಿನ ವಾಸನೆ ಎಲ್ಲಾದ್ರೂ ಬಂದ್ರೆ ನನಗೆ ಅಲ್ಲೇ ಕೂತ ಹಾಗಾಗುತ್ತೆ. ಹೇಳಿಬಿಡ್ತೀನಿ. ಮೊದಲನೇ ಸಲ ಹೇಳ್ತಿರೋದು, ಹಿಂದೆ ಮುಂದೆ ಆದ್ರೆ ಬೇಜಾರಾಗ್ಬೇಡಿ.

ಅದೊಂದು ನದಿ ದಂಡೆ ಮಠ. ಅಮ್ಮ ಅಲ್ಲಿನ ಶಾಲೆಯಲ್ಲಿ ಟೀಚರ್. ಮಠದ ಹಿಂಭಾಗದಲ್ಲಿ ಒಂದು ಕತ್ತಲೆ ಕೋಣೆ. ಅದರ ತುಂಬ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ತಾಳೆಗರಿ ಪುಸ್ತಕಗಳು. ಅವನ್ನ ನೋಡ್ಕೊಳ್ತಿದ್ದೋರು ಫಕ್ಕೀರವ್ವ. ಎಂಬತ್ತು ದಾಟಿತ್ತು. ಎಲ್ಲರೂ ಅವ್ವಾರು ಅಂತಿದ್ರು.

ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ರಜೆ. ನಾನು ಬಾಗಿಲಲ್ಲಿ ನಿಂತು ಕೇಳ್ದೆ, "ಅವ್ವಾರೇ, ಗರಿ ಓದೋದು ಕಲಿಸ್ತೀರಾ?"

"ಮಾರಿ ಯಾಕ ಮುಚ್ಚಿಕೊಂಡೀದಿ?"

ದುಪಟ್ಟಾ ಮೂಗಿನ ತನಕ ಎಳ್ಕೊಂಡಿದ್ದೆ. ಕೆನ್ನೆ ತುಂಬ ಮೊಡವೆ.

"ಧೂಳು" ಅಂದೆ.

"ಧೂಳು ಇರೂದು ಇಲ್ಲಿ ಒಳಗ. ಹೊರಗಿಂದನ ಮುಚ್ಚಿಕೊಂಡು ಬಂದೀಯಲ್ಲ." ನಕ್ರು. "ಬಾ, ಕೂಡು."

ಆ ಕೋಣೆ ನನಗೆ ಇಷ್ಟವಾಗಿದ್ದು ಬರೀ ಗರಿಗಳಿಗೋಸ್ಕರ ಅಲ್ಲ. ಅಲ್ಲಿ ಕನ್ನಡಿ ಇರ್ಲಿಲ್ಲ. ಹಗಲಲ್ಲೂ ದೀಪ ಬೇಕಿತ್ತು. ದೀಪದ ಬೆಳಕಲ್ಲಿ ಯಾರ ಮುಖವೂ ಸರಿಯಾಗಿ ಕಾಣ್ತಿರ್ಲಿಲ್ಲ.

ದಿನಕ್ಕೆ ನಾಲ್ಕು ಹಳೇ ಅಕ್ಷರ ಕಲಿಸ್ತಿದ್ರು. ಉಳಿದ ಕೆಲಸ ಸಣ್ಣದು. ಮೆತ್ತನೆ ಬಟ್ಟೆಯಲ್ಲಿ ಗರಿ ಒರೆಸೋದು. ಎರಡು ಹನಿ ಮಜ್ಜಿಗೆ ಹುಲ್ಲಿನ ಎಣ್ಣೆ ಸವರೋದು. ಮತ್ತೆ ಕಟ್ಟಿಡೋದು.

"ಇಷ್ಟೇನಾ, ಅವ್ವಾರೇ?"

"ಇಷ್ಟ. ವರ್ಷಕ್ಕೊಮ್ಮೆ."

"ಮಿಕ್ಕ ದಿನ?"

"ಸುಮ್ನ ಬಿಡೂದು. ಅವಕ್ಕೂ ನಮ್ಮ ಕಾಟ ತಪ್ಪಬೇಕಲ್ಲ."

ಒಂದಿನ ನನ್ನ ಬ್ಯಾಗ್ ಮಗುಚಿ ಬಿತ್ತು. ಬಾಟ್ಲಿಗಳೆಲ್ಲ ಉರುಳಿಕೊಂಡು ಅವ್ವಾರ ಮಂಡಿ ಹತ್ರ ಹೋದವು. ಹನ್ನೊಂದು. ಹುಬ್ಬಳ್ಳಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿರೋ ಪ್ರಭಾ ಚಿಕ್ಕಮ್ಮ ಪ್ರೀತಿಯಿಂದ ಕೊಟ್ಟಿದ್ದು. ಒಂದೊಂದರ ಬೆಲೆಗೂ ನನಗೆ ವರ್ಷಕ್ಕಾಗೋಷ್ಟು ಪುಸ್ತಕ ಬರ್ತಿತ್ತು.

"ಏನಿವು? ಔಷಧಿ ಅಂಗಡಿ ಇಟ್ಟೀಯೇನು?"

"ಮುಖಕ್ಕೆ, ಅವ್ವಾರೇ. ಇದು ತೊಳೆಯೋಕೆ."

"ಹೂಂ."

"ತೊಳೆದ್ರೆ ಚರ್ಮ ಬಿಗಿಯುತ್ತೆ. ಅದಕ್ಕೆ ಇದು."

"ಹೂಂ."

"ಇದು ಸತ್ತ ಚರ್ಮ ಉಜ್ಜಿ ತೆಗೆಯೋಕೆ. ಒಳಗೆ ಸಣ್ಣ ಸಣ್ಣ ಕಾಳಿರುತ್ತೆ. ಉಜ್ಜಿದ್ರೆ ಉರಿಯುತ್ತೆ, ಉರಿಗೆ ಇದು. ಇದು ಹಚ್ಚಿದ್ರೆ ಬಿಸಿಲಿಗೆ ಹೋಗ್ಬಾರ್ದು, ಅದಕ್ಕೆ ಇದು. ಇದು ಮುಖದ ಮೇಲೆ ಕಟ್ಕೊಂಡುಬಿಡುತ್ತೆ, ಅದಕ್ಕೆ ಸಂಜೆ ಮತ್ತೆ ತೊಳಿಬೇಕು. ಮೊದಲನೇ ಬಾಟ್ಲಿಯಲ್ಲಿ."

ಬೆರಳಲ್ಲಿ ಲೆಕ್ಕ ಹಿಡೀತಿದ್ದ ಅವ್ವಾರು ಮತ್ತೆ ಮೊದಲನೇ ಬೆರಳಿಗೇ ಬಂದಿದ್ರು.

"ಮತ್ತ ಮೊಡವಿಗೆ ಯಾವುದು?"

ನಾನು ಬಾಟ್ಲಿಗಳನ್ನ ನೋಡ್ದೆ. "ಅದು... ಎಲ್ಲಾ ಸೇರಿ."

"ಕಡಿಮಿ ಆಗ್ಯಾವೇನು?"

"ಜಾಸ್ತಿ ಆಗಿವೆ. ಅದಕ್ಕೆ ಚಿಕ್ಕಮ್ಮ ಹುಣ್ಣಿಮೆ ದಿನ ಬಂದು ಕರ್ಕೊಂಡು ಹೋಗ್ತಾರೆ. ಪಾರ್ಲರಲ್ಲಿ ಏನೋ ಹಚ್ಚಿ ಮೇಲಿನ ಚರ್ಮ ಸುಲಿತಾರಂತೆ. ಕಾಲೇಜು ಶುರುವಾಗೋದ್ರೊಳಗೆ ಹೊಸ ಮುಖ ಬರುತ್ತಂತೆ."

"ಹಳೇದು ಎಲ್ಲಿ ಹೋಗತೈತಿ?"

ಸುಲಿಯೋದು ಅಂದ್ರೇನೇ ನನಗೆ ಭಯ. ಬೇಡ ಅನ್ನೋಕೆ ಇನ್ನೂ ಭಯ.

"ನೀವೇನು ಹಚ್ತೀರಿ, ಅವ್ವಾರೇ?"

"ನೀರು. ಚಳಿಗಾಲದಾಗ ಕುಸುಬಿ ಎಣ್ಣಿ. ಬಿಸಲಾಗ ಸೆರಗು."

ನಂಬಿಕೆ ಬರ್ಲಿಲ್ಲ. ಏನೋ ಗುಟ್ಟಿದೆ, ನನಗೆ ಹೇಳ್ತಿಲ್ಲ ಅನ್ಕೊಂಡೆ.

ಆಮೇಲೆ ಕಪಾಟಿನ ಕೆಳಗಿನ ಸಾಲಲ್ಲಿ ಒಂದು ಕಟ್ಟು ಸಿಕ್ತು.

"ಅದು ತೊಗಲಿನ ಮದ್ದಿನ ಪುಸ್ತಕ" ಅಂದ್ರು ಅವ್ವಾರು. "ಇದೊಂದ ಪ್ರತಿ ಉಳದೈತಿ. ಅಕ್ಷರ ಮಾಸ್ಯಾವು. ನಿಂಗ ಮಸಿ ಕೆಲಸ ಕಲಿಸಿದ ಮ್ಯಾಲ ಬಿಚ್ಚೋಣು. ಅಲ್ಲೀತನಕ ಮುಟ್ಟಬ್ಯಾಡ. ಮುಟ್ಟಿದವರು ಈ ಹೊಸ್ತಲಾ ದಾಟಂಗಿಲ್ಲ."

ತೊಗಲಿನ ಮದ್ದು. ನನಗೆ ಅಷ್ಟೇ ಕೇಳಿಸ್ತು. ಯಾರ ತೊಗಲು ಅಂತ ಕೇಳಲೇ ಇಲ್ಲ.

ಹುಣ್ಣಿಮೆ ಬಂತು. ಮಧ್ಯಾಹ್ನ ಅವ್ವಾರು ನದಿಗೆ ಸ್ನಾನಕ್ಕೆ ಹೋದ್ರು. ಸಂಜೆ ಬಸ್ಸಿಗೆ ಚಿಕ್ಕಮ್ಮ. ಅಷ್ಟರೊಳಗೆ ಆ ಮದ್ದು ಸಿಕ್ಕಿದ್ರೆ ಸುಲಿಯೋದು ಬೇಡ ಅನ್ನೋಕೆ ನನ್ನ ಹತ್ರ ಒಂದು ಕಾರಣ ಇರ್ತಿತ್ತು.

ಕಟ್ಟು ಬಿಚ್ಚಿದೆ. ಒಂದು ಗರಿಯಲ್ಲಿ 'ಹಚ್ಚುವುದು' ಅನ್ನೋ ಪದ ಮಸುಕಾಗಿ ಕಾಣ್ತು. ಉಳಿದದ್ದೆಲ್ಲ ಕೊಳೆ ಅನ್ನಿಸ್ತು.

ಮೊದಲನೇ ಬಾಟ್ಲಿಯಿಂದ ತೊಳೆದೆ. ಹೋಗ್ಲಿಲ್ಲ. ಕಾಳಿರೋದನ್ನ ಹಾಕಿ ಉಜ್ಜಿದೆ. ಗರಿ ಒಣಗಿದ ಹಾಗೆ ಕಾಣ್ತು. ಅದಕ್ಕೆ ಚರ್ಮ ಬಿಗಿದ್ರೆ ಹಚ್ಚೋ ಸೀರಮ್ ಬಳಿದೆ.

'ಹಚ್ಚುವುದು' ಕೂಡ ಹೋಯ್ತು. ಗರಿ ಪೂರ್ತಿ ಖಾಲಿ. ಬೆರಳಿಗೆ ಅಂಟ್ತಿತ್ತು.

ಅದನ್ನ ಮಡಿಲಲ್ಲಿಟ್ಕೊಂಡು ಕೂತಿದ್ದೆ. ಅವ್ವಾರು ಒದ್ದೆ ಕೂದಲು ಝಾಡಿಸ್ತಾ ಒಳಗೆ ಬಂದ್ರು.

"ನಾನು ಹೋಗ್ತೀನಿ, ಅವ್ವಾರೇ" ಅಂದೆ. "ಇನ್ಮೇಲೆ ಹೊಸ್ತಿಲು ದಾಟಲ್ಲ."

ಅವರು ಗರಿ ತಗೊಂಡು ಮೂಸಿ ನೋಡಿದ್ರು.

"ಗುಲಾಬಿ ವಾಸನಿ. ಎಷ್ಟು ಬಾಟ್ಲಿ ಹಚ್ಚಿದಿ?"

"ಮೂರು."

"ಇನ್ನೂ ಎಂಟು ಉಳದಾವು. ಈ ಗರಿದ ಪುಣ್ಯ."

ನನಗೆ ನಗು ಬರ್ಲಿಲ್ಲ.

"ಹೋಗಾಕಿ ಆಮ್ಯಾಲ ಹೋಗುವಂತಿ. ಈಗ ಬಾಗಲಾ ಹಾಕು. ಗಾಳಿಗೆ ಮಸಿ ಹಾರತೈತಿ."

ಚಿಲಕ ಹಾಕ್ದೆ.

ದೀಪದ ಮೇಲೆ ಕವುಚಿದ್ದ ಒಡೆದ ಮಡಕೆಯ ಬೋಕಿಯನ್ನ ಅವ್ವಾರು ಎತ್ತಿದ್ರು. ಅದರ ಒಳಗೆಲ್ಲ ಮಸಿ ಕಟ್ಟಿತ್ತು. ಬೆರಳಲ್ಲಿ ಕೆರೆದು ಒಂದು ಹನಿ ಎಣ್ಣೆ ಸೇರಿಸಿದ್ರು. ಗರಿಯ ಅಂಟನ್ನೆಲ್ಲ ಒರೆಸಿ, ಆ ಕಪ್ಪನ್ನ ಈ ತುದಿಯಿಂದ ಆ ತುದಿ ತನಕ ಮೆತ್ತಿಬಿಟ್ರು.

"ಅಯ್ಯೋ, ಪೂರ್ತಿ ಹಾಳಾಯ್ತು!"

"ತಡಿಯವಾ, ಮುಗೀಲಿ."

ಬಟ್ಟೆಯಿಂದ ಒರೆಸಿದ್ರು. ಕಪ್ಪೆಲ್ಲ ಬಟ್ಟೆಗೆ ಬಂತು. ಅಕ್ಷರ ಕೊರೆದಲ್ಲಿ ಮಾತ್ರ ಉಳೀತು. ಒಂದು ಅಕ್ಷರ. ಇನ್ನೊಂದು. ಸಾಲಿಗೆ ಸಾಲು.

"ಬರದದ್ದು ಅಳಿಸಿಲ್ಲ. ಕಾಣತಿರಲಿಲ್ಲ, ಅಷ್ಟ" ಅಂದ್ರು. "ಓದು."

ತಡವರಿಸ್ತಾ ಓದಿದೆ. ಹೊಂಗೆ ಎಣ್ಣೆ, ಅರಿಶಿನ, ಬೇವಿನ ಚಕ್ಕೆ, ಸುಟ್ಟ ಚಿಪ್ಪು... ಪಟ್ಟಿ ಉದ್ದಕ್ಕಿತ್ತು. ನನ್ನ ಎದೆ ಹೊಡ್ಕೊಳ್ತಿತ್ತು. ಕೊನೇ ಸಾಲಿಗೆ ಬಂದೆ.

"ನೊಗ ಉಜ್ಜಿ ಹುಣ್ಣಾದ... ಎತ್ತಿನ ಹೆಗಲಿಗೆ ಹಚ್ಚುವುದು."

ತಲೆ ಎತ್ತಿದೆ. "ಎತ್ತಿಗಾ?"

"ಎತ್ತಿಗ. ದನದ ವೈದ್ಯದ ಪುಸ್ತಕ ಅದು. ನಿನ್ನ ಮಾರಿದು ಅಂತ ನಿಂಗ ಯಾರ್ ಹೇಳಿದ್ರು?"

ಅವರಿಗೆ ನಗು ತಡೆಯೋಕೆ ಆಗ್ಲಿಲ್ಲ. ಕೆಮ್ಮು ಬರೋ ತನಕ ನಕ್ರು. ಆಮೇಲೆ ಗರಿಯ ನಡುಭಾಗವನ್ನ ದೀಪದ ಹತ್ರ ಹಿಡಿದು ಬಗ್ಗಿ ನೋಡಿದ್ರು.

"ಇಲ್ಲೇನಿದು, ಗೀರು?"

"ಕಾಳು ಹಾಕಿ ಉಜ್ಜಿದ್ದೆ."

"ಮಸಿ ಇದನ್ನೂ ಹಿಡದೈತಿ ನೋಡು. ಇಲ್ಲಿ ಒಂದು ಸಾಮಾನಿನ ಹೆಸರಿತ್ತು. ಹೋತು. ನೂರು ವರ್ಷದ ಮ್ಯಾಲ ಯಾರರ ಓದಾಕ ಕೂತ್ರ ತಲಿ ಕೆಡಿಸ್ಕೋತಾರ, ಇದ್ಯಾವ ಅಕ್ಷರಪಾ ಅಂತ."

"ಯಾವುದು ಅಂತ ಹೇಳೋದು?"

"ನಿಂದು."

ಆಗ ಅಳು ಬಂತು. ದುಪಟ್ಟಾ ಮತ್ತೆ ಮುಖಕ್ಕೆ ಎಳ್ಕೊಂಡೆ. ಈಗ ಹೋಗು ಅಂತಾರೆ, ಎದ್ದುಬಿಡೋಣ ಅನ್ಕೊಂಡೆ.

ಕಣ್ಣು ಒರೆಸ್ಕೊಂಡು ನೋಡಿದ್ರೆ ಅವ್ವಾರು ಎರಡೂ ಕೈಯಲ್ಲಿ ಮಸಿ ತಗೊಂಡು ಮುಖಕ್ಕೆಲ್ಲ ಮೆತ್ಕೊಳ್ತಿದ್ರು. ಹಣೆ, ಕೆನ್ನೆ, ಗದ್ದ. ಎರಡು ಕಣ್ಣು ಮಾತ್ರ ಹೊಳೀತಿದ್ವು.

"ಅವ್ವಾರೇ! ಏನ್ ಮಾಡ್ತಿದೀರಿ?"

"ಮಸಿ ಕೆಲಸ ಕಲಸಾಕ ಹತ್ತೀನಿ. ಬಟ್ಟಿ ತಗೊ. ಒರಸು. ಮೆತ್ತಗ, ಗರಿ ಒರಸಿದಂಗ."

ಒರೆಸಿದೆ. ಕಪ್ಪು ಬಟ್ಟೆಗೆ ಬಂತು. ಸುಕ್ಕುಗಳಲ್ಲಿ ಉಳೀತು. ಅಷ್ಟು ದಿನ ಅವರ ಪಕ್ಕದಲ್ಲೇ ಕೂತಿದ್ರೂ ಆ ಮುಖದಲ್ಲಿ ಅಷ್ಟು ಗೆರೆ ಇದೆ ಅಂತ ನಾನು ನೋಡಿರ್ಲಿಲ್ಲ.

"ಓದು" ಅಂದ್ರು.

"ನನಗೆ ಬರಲ್ಲ."

"ಗರಿನೂ ಬರತಿರಲಿಲ್ಲ ನಿಂಗ. ಹುಬ್ಬಿನ ನಡುವ ಶುರು ಮಾಡು."

ಎರಡು ಹುಬ್ಬಿನ ಮಧ್ಯೆ ಒಂದು ಗೆರೆ ನೆಟ್ಟಗೆ, ಆಳವಾಗಿತ್ತು. "ಸಿಟ್ಟು?" ಅಂದೆ.

"ತಪ್ಪು. ಮತ್ತ ಓದು."

ದೀಪ ನೋಡಿದೆ. ಗರಿ ನೋಡಿದೆ. "ಸಣ್ಣ ಅಕ್ಷರ ದಿಟ್ಟಿಸಿ ಓದಿದ್ದು?"

"ಐವತ್ತು ವರ್ಷದ ಸಣ್ಣ ಅಕ್ಷರ. ಮೊದಲನೇ ಸಾಲು ಆತು. ಎರಡನೇದು?"

ಬಾಯಿಯ ಎರಡೂ ಪಕ್ಕ ಬಾಗಿದ ಗೆರೆ. "ಇದು ನಗು" ಅಂದೆ. ಇದರಲ್ಲಿ ನನಗೆ ಅನುಮಾನ ಇರ್ಲಿಲ್ಲ.

"ಯಾರ ಕೂಡ?"

"ಅದು ಬರೆದಿಲ್ವಲ್ಲ."

ಅವರು ಎದುರಿನ ಗೋಡೆ ಕಡೆ ನೋಡಿದ್ರು. "ಅಲ್ಲಿ ಕುಂತು ಒಬ್ಬಾಂವ ಗರಿ ನಕಲು ಮಾಡತಿದ್ದ. ತಪ್ಪು ಬರದಾಗೊಮ್ಮೆ ನಾಲಿಗಿ ಕಚ್ಚಾಂವ. ನಾ ನಗಾಕಿ. ಹನ್ನೆರಡು ವರ್ಷ. ಒಂದು ಮಾತೂ ಆಡಲಿಲ್ಲ."

"ಆಮೇಲೆ?"

"ಆಮ್ಯಾಲೇನು. ತಪ್ಪಿಲ್ದ ಬರಿಯೂದು ಕಲತ. ಬ್ಯಾರೆ ಮಠಕ್ಕ ಕರಕೊಂಡ್ರು."

ಅವನ ಹೆಸರು ಹೇಳಿದ್ರು. ಆಗಲೇ ಅಂದಿದ್ದು, ಇದನ್ನ ಯಾರ ಮುಂದೂ ಹೇಳಬ್ಯಾಡ ಅಂತ. ಹೆಸರು ನಾನು ಇಲ್ಲೂ ಹೇಳಲ್ಲ. ಅಷ್ಟಾದ್ರೂ ಮಾತು ಉಳಿಸ್ಕೋತೀನಿ.

"ನನಗೂ ಹಚ್ಚಿ, ಅವ್ವಾರೇ" ಅಂದೆ. ಅಂದಿದ್ದು ನಾನೇನಾ ಅಂತ ನನಗೇ ಆಶ್ಚರ್ಯ. ದುಪಟ್ಟಾ ತೆಗೆದು ಪಕ್ಕಕ್ಕಿಟ್ಟೆ.

ಹಚ್ಚಿದ್ರು. ಒರೆಸಿದ್ರು. ನನ್ನ ಗದ್ದ ಹಿಡಿದು ದೀಪದ ಕಡೆ ತಿರುಗಿಸಿದ್ರು. ತುಂಬ ಹೊತ್ತು ನೋಡಿದ್ರು. ಯಾರೂ ನನ್ನ ಮುಖವನ್ನ ಅಷ್ಟು ಹೊತ್ತು ನೋಡಿರ್ಲಿಲ್ಲ. ನಾನೂ ನೋಡಗೊಟ್ಟಿರ್ಲಿಲ್ಲ.

"ಏನಿದೆ?"

"ಏನಿಲ್ಲ. ಇನ್ನೂ ಯಾರೂ ಏನೂ ಬರದಿಲ್ಲ. ನೀ ಈಗ್ಲೇ ತಿಕ್ಕಾಕ ಹತ್ತೀದಿ."

"ಮೊಡವೆ ಇದಾವಲ್ಲ?"

"ಕಂಟ ಚೂಪು ಮಾಡೂಮುಂದ ಪುಡಿ ಉದರತೈತಿ. ಅದನ್ನ ಯಾರ್ ಓದತಾರ?" ಗರಿ ಮೇಲೆ ಬರೆಯೋ ಕಬ್ಬಿಣದ ಮೊನೆ, ಕಂಟ, ಅವರ ಮಂಡಿ ಪಕ್ಕದಲ್ಲೇ ಬಿದ್ದಿತ್ತು. ಅದನ್ನೆತ್ತಿ ನನ್ನ ಕೈಗಿಟ್ರು. "ಆ ಗರಿ ಪೂರ್ತಿ ನಕಲು ಮಾಡಿ ಕೊಡಬೇಕು ನೀ. ಗೀರು ಬಿದ್ದಲ್ಲಿ ಜಾಗಾ ಖಾಲಿ ಬಿಡು."

"ಅಂದ್ರೆ... ನಾನು ನಾಳೆ ಬರಬಹುದಾ?"

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

"ಸಿರೀ? ಐಸಿರೀ, ಒಳಗಿದೀಯೇನೇ?" ಪ್ರಭಾ ಚಿಕ್ಕಮ್ಮ. "ಎಲ್ಲೆಲ್ಲಿ ಹುಡುಕೋದೇ ನಿನ್ನ! ಬಸ್ಸು ನಿಂತಿದೆ, ಪಾರ್ಲರಲ್ಲಿ ಎಲ್ಲಾ ರೆಡಿ ಮಾಡಿಸಿಟ್ಟು ಬಂದಿದೀನಿ."

ನಾನು ಚಿಲಕ ನೋಡ್ದೆ. ನನ್ನ ಕೈಗೇ ಹತ್ರ ಇತ್ತು.

ಅವ್ವಾರನ್ನ ನೋಡ್ದೆ. ಕಪ್ಪು ಕಪ್ಪು ಗೆರೆಯ ಮುಖ ಹೊತ್ಕೊಂಡು, ಪರೀಕ್ಷೆ ತಗೊಳ್ಳೋ ಟೀಚರ್ ಥರ ಕೂತಿದ್ರು.

"ಸಿರೀ! ಮಲ್ಕೊಂಡಿದೀಯಾ?" ಮತ್ತೆ ಬಡಿದ್ರು. ಈ ಸಲ ಜೋರಾಗಿ.

ಚಿಲಕ ಅಲ್ಲಾಡ್ತಿತ್ತು. ಕಂಟ ನನ್ನ ಅಂಗೈಯಲ್ಲಿ ತಣ್ಣಗಿತ್ತು.

ಅವ್ವಾರು ದೀಪ ಎತ್ತಿ ತಮ್ಮ ಹಣೆಯ ಹತ್ರ ಹಿಡ್ಕೊಂಡ್ರು. ಪಿಸುಮಾತಲ್ಲಿ ಅಂದ್ರು:

"ಮೂರನೇ ಸಾಲು ಇನ್ನೂ ಓದಿಲ್ಲ ನೀ."