ಹೂವಿನ ಪರದೆ ಮತ್ತು ಗೋಣಿಚೀಲ

ಕಲಬುರಗಿಯ ಒಂದು ಮನೆಯಲ್ಲಿ ಬಾಣಂತಿ ಕೋಣೆಯ ಕಿಟಕಿಗೆ ಒಳಗಡೆ ಹೂವಿನ ಪರದೆ, ಹೊರಗಡೆ ಹಳೆಯ ಗೋಣಿಚೀಲ. ಮಧ್ಯಾಹ್ನವಾದರೆ ಅಜ್ಜಿ ಗುರುಬಸಮ್ಮ ಗೋಣಿಗೆ ನೀರು ಚಿಮುಕಿಸುತ್ತಿದ್ದಳು. ಕೂಸು ತಣ್ಣಗೆ ಮಲಗುತ್ತಿತ್ತು.

ತೊಟ್ಟಿಲಿಗೆ ಹಾಕುವ ದಿನ ಬಂತು. "ಬೀಗರು ಬರ್ತಾರ, ಕಿಟಕಿಗೆ ಗೋಣಿ ನೋಡಿ ಏನಂದಾರು?" ಎಂದು ಅಜ್ಜಿ ಪರದೆಗೆ ಇಸ್ತ್ರಿ ಮಾಡಿಸಿದಳು; ಗೋಣಿಯನ್ನು ಬಿಚ್ಚಿ ಹೊಸ್ತಿಲ ಮುಂದೆ ಹಾಸಿದಳು. ಬಂದವರೆಲ್ಲ ಅದಕ್ಕೆ ಕಾಲೊರೆಸಿ ಒಳಗೆ ಹೋದರು.

ಊಟದ ಹೊತ್ತಿಗೆ ಬಿಸಿಲು ಕಿಟಕಿಯ ಗಾಜಿಗೆ ಬಿತ್ತು. ಕರೆಂಟೂ ಹೋಯಿತು. ಪರದೆ ಹಂಚಿನಂತೆ ಕಾದಿತು. ಕೂಸು ಮೈಯೆಲ್ಲ ಕೆಂಪಾಗಿ ಚೀರತೊಡಗಿತು. ಬೀಗಿತ್ತಿ ಬೀಸಣಿಗೆ ಬೀಸಿದಳು, ಹೆಂಗಸರು ಜೋಗುಳ ಹಾಡಿದರು, ಅಳು ನಿಲ್ಲಲಿಲ್ಲ.

"ಗೋಣಿಯಣ್ಣಾ, ಬಾ!" ಎಂದು ಪರದೆ ಕೂಗಿತು. "ನೀನು ಬಿಸಿಲನ್ನು ಹೊರಗೇ ನಿಲ್ಲಿಸುತ್ತಿದ್ದೆ. ನಾನು ಹಿಡಿಯುವಷ್ಟರಲ್ಲಿ ಅದು ಮನೆಯೊಳಗೆ ಬಂದಾಗಿರುತ್ತದೆ."

"ಬರುತ್ತೇನೆ ತಂಗಿ, ಆದರೆ ಎತ್ತಿ ಕಟ್ಟುವವರು ಬೇಕಲ್ಲ" ಎಂದಿತು ಗೋಣಿ.

ಅಷ್ಟರಲ್ಲಿ ಅಜ್ಜಿ ಕಿಟಕಿಯತ್ತ ನೋಡಿದಳು. ಸರಸರನೆ ಹೊರಗೆ ಬಂದು, ಬೀಗರ ಎದುರಿಗೇ ಗೋಣಿಯನ್ನು ಎತ್ತಿ, ಕೊಡವಿ, ಬಕೆಟ್ಟಿನ ನೀರಿನಲ್ಲಿ ಅದ್ದಿ, ಮತ್ತೆ ಕಿಟಕಿಗೆ ಕಟ್ಟಿದಳು. ಕೋಣೆ ನಿಧಾನವಾಗಿ ತಂಪಾಯಿತು. ಕೂಸು ಕಣ್ಣು ಮುಚ್ಚಿತು.

ಪರದೆ ಮೆಲ್ಲಗೆ ಕೇಳಿತು: "ಬಂದವರೆಲ್ಲ ನಿನಗೆ ಕಾಲೊರೆಸಿದರು. ಸಿಟ್ಟು ಬರಲಿಲ್ಲವೆ?"

"ಬಂತು," ಎಂದಿತು ಗೋಣಿ. "ಆದರೆ ಕೂಸು ಒರೆಸಲಿಲ್ಲವಲ್ಲ. ಅದರ ಕಾಲು ಇನ್ನೂ ನೆಲವನ್ನೇ ಮುಟ್ಟಿಲ್ಲ."