ಸಾವಂತ್ರೆವ್ವ ಮುಚ್ಚಿಟ್ಟ ಗುಳಿಗೆ

ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸಾವಂತ್ರೆವ್ವನಿಗೆ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ನೋವು ಬಂತೆಂದರೆ ಬಡಿಯುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಗೋಡೆಗೊರಗಿ ಕೂತುಬಿಡುತ್ತಿದ್ದಳು. ಕೊನೆಗೆ ಸೊಸೆ ಕಸ್ತೂರಿ ಬಲವಂತ ಮಾಡಿ ದೊಡ್ಡಾಸ್ಪತ್ರೆಗೆ ಸೇರಿಸಿದಳು.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಸಿಸ್ಟರ್ ಒಂದು ಕಾಗದ ಹಿಡಿದು ಬಂದರು.

"ಅವ್ವಾರ, ಇಲ್ಲಿ ಹೆಬ್ಬೆಟ್ಟು ಒತ್ರಿ."

"ಇದರಾಗ ಏನ್ ಬರದೈತ್ರಿ?"

"ಎಲ್ಲಾರೂ ಒತ್ತೂದ ಇದು. ಲಗೂ ಒತ್ರಿ, ಇನ್ನೂ ಆರು ಮಂದಿ ಅದಾರ."

ಸಾವಂತ್ರೆವ್ವ ಕೈ ಹಿಂದಕ್ಕೆಳೆದುಕೊಂಡಳು. "ಹೊಟ್ಟಿ ನಂದೈತ್ರಿ. ಏನ್ ಮಾಡ್ತೀರಿ ಅಂತ ತಿಳಿಯೂತನಕ ನಾ ಒತ್ತಂಗಿಲ್ಲ."

ಪಕ್ಕದ ಮಂಚದವರು ನಕ್ಕರು. ಕಸ್ತೂರಿ ಮುಜುಗರದಿಂದ ತಲೆ ತಗ್ಗಿಸಿದಳು. ಸಿಸ್ಟರ್ ಗೊಣಗುತ್ತಲೇ ಹೋಗಿ ಡಾಕ್ಟರ್ ಶೈಲಜಾ ಅವರನ್ನು ಕರೆತಂದರು.

ಡಾಕ್ಟರು ಬೈಯಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು, "ಕೇಳೋದು ನಿಮ್ಮ ಹಕ್ಕು" ಎಂದು ಕಾಗದವನ್ನು ಓದಿ ಓದಿ ಬಿಡಿಸಿ ಹೇಳಿದರು. ಎಲ್ಲಿ ಕೊಯ್ಯುತ್ತಾರೆ, ಏನು ತೆಗೆಯುತ್ತಾರೆ, ಎಷ್ಟು ದಿನ ಭಾರ ಎತ್ತಬಾರದು, ಎಲ್ಲ. ಅಪರೂಪಕ್ಕೆ ಯಾರಿಗಾದರೂ ಜೀವಕ್ಕೇ ಕುತ್ತು ಬರುವುದುಂಟು ಎಂಬುದನ್ನೂ ಮುಚ್ಚಲಿಲ್ಲ. ಬೇಡವೆನಿಸಿದರೆ ಒಲ್ಲೆ ಅನ್ನಬಹುದು ಎಂದೂ ಹೇಳಿದರು. ಸಾವಂತ್ರೆವ್ವ ತಾನಾಗಿ ಕೈ ಮುಂದೆ ಚಾಚಿ ಹೆಬ್ಬೆಟ್ಟು ಒತ್ತಿದಳು.

"ಈಗ ನಾನು ಕೇಳ್ತೀನಿ. ದಿನಾ ಯಾವುದಾದರೂ ಗುಳಿಗೆ ತಗೋತೀರೇನು?"

"ಇಲ್ರಿ."

ಅದು ಸುಳ್ಳು. ಅವಳ ಗಂಡ ಎದೆನೋವಿನಿಂದ ತೀರಿಕೊಂಡು ಎರಡು ತಿಂಗಳಾಗಿತ್ತು. ಅವನ ಗುಳಿಗೆಗಳು ಹಾಗೇ ಉಳಿದಿದ್ದವು. ಎಸೆಯಲು ಅವಳಿಗೆ ಮನಸ್ಸಾಗಲಿಲ್ಲ. ಚಲೋ ಔಷಧ, ನನ್ನ ಎದೆಗೂ ಬಲ ಬಂದೀತು ಎಂದುಕೊಂಡು ದಿನಕ್ಕೊಂದು ನುಂಗುತ್ತಿದ್ದಳು. ಸೊಸೆಯ ಎದುರಿಗೆ ಇದನ್ನು ಹೇಗೆ ಹೇಳುವುದು?

ಡಾಕ್ಟರು ಎದ್ದು ಬಾಗಿಲ ತನಕ ಹೋಗಿದ್ದರು. ಸಾವಂತ್ರೆವ್ವನಿಗೆ ತಡೆಯಲಾಗಲಿಲ್ಲ. ಈಕೆ ಸಾವಿನ ಮಾತನ್ನೂ ಮುಚ್ಚದೆ ಹೇಳಿದಳು, ನಾನು ಒಂದು ಗುಳಿಗೆ ಮುಚ್ಚಿಟ್ಟೆನಲ್ಲ!

"ಬಾಯಾರ, ನಿಂದರ್ರಿ. ನಾ ಸುಳ್ಳ ಹೇಳೀನ್ರಿ."

ಎಲೆಯಡಿಕೆ ಚೀಲದಿಂದ ಗುಳಿಗೆಯ ಹಾಳೆ ತೆಗೆದುಕೊಟ್ಟಳು. ಹೆಸರು ಓದುತ್ತಲೇ ಡಾಕ್ಟರ ಮುಖ ಬಿಗಿಯಿತು.

"ಇದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಗುಳಿಗೆ. ಇದು ಗೊತ್ತಿಲ್ಲದೆ ನಾಳೆ ಕೊಯ್ದಿದ್ದರೆ ರಕ್ತ ನಿಲ್ಲಿಸೋದು ಕಷ್ಟ ಆಗ್ತಿತ್ತು."

ಗುಳಿಗೆಯ ಪ್ರಭಾವ ಇಳಿಯಲೆಂದು ಆಪರೇಷನ್ ಒಂದು ವಾರ ಮುಂದಕ್ಕೆ ಹೋಯಿತು. ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಕಸ್ತೂರಿಗೆ ಸಿಟ್ಟು ಬಂತು. "ಮೊದಲ ಹೇಳಾಕ ಏನಾಗಿತ್ತು ಅತ್ತಿ?" ಎಂದು ರೇಗಿದಳು. ಸಾವಂತ್ರೆವ್ವನ ಕಣ್ಣು ತುಂಬಿದ್ದು ಕಂಡಾಗ ದನಿ ಇಳಿಸಿದಳು. "ಮಾವನ ಗುಳಿಗಿ ಅಂದಿದ್ರ ನಾ ನಗತಿದ್ನೇನು?"

ವಾರದ ಮೇಲೆ ಆಪರೇಷನ್ ಸುಸೂತ್ರವಾಗಿ ಆಯಿತು. ಮೂರನೇ ದಿನ ಮನೆಗೆ ಹೊರಟು ನಿಂತಾಗ ಸಾವಂತ್ರೆವ್ವ ನೋಡಿದಳು: ಅದೇ ಸಿಸ್ಟರ್ ಹೊಸದಾಗಿ ಬಂದ ಮುದುಕನ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಕಾಗದ ಓದಿ ಹೇಳುತ್ತಿದ್ದರು.

ನೀತಿ: ತನ್ನ ಮೈಗೆ ಏನು ಮಾಡುತ್ತಾರೆಂದು ಕೇಳಿ ತಿಳಿಯುವುದು ರೋಗಿಯ ಹಕ್ಕು. ತನ್ನ ಮೈಯ ಸಂಗತಿಯನ್ನು ನಾಚದೆ, ಮುಚ್ಚದೆ ಹೇಳುವುದು ರೋಗಿಯ ಹೊಣೆ. ಹಕ್ಕನ್ನು ಕೇಳಿ ಪಡೆದು ಹೊಣೆಯನ್ನು ಮರೆತರೆ, ಎಂಥ ಒಳ್ಳೆಯ ವೈದ್ಯರೂ ನಮ್ಮನ್ನು ಕಾಯಲಾರರು.