ಗುಟ್ಟು ಬಿಡದ ಜವರಾಯಿ

ಬನ್ರೋ, ಹತ್ರ ಕೂತ್ಕೊಳ್ಳಿ. ಬೀಗದ ಪೆಟ್ಟಿಗೆ ಮಾಡೋ ಪುಟ್ಟಸಿದ್ದಮ್ಮ ಅಂತ ಒಬ್ಬಳಿದ್ಲು. ಅವಳಿಗೊಬ್ಬ ಮಗ, ಜವರಾಯಿ. ಆಳು ಎತ್ತಿನಂಗೆ, ತಲೆ ಖಾಲಿ ಗಡಿಗೆ! ಅವಳ ಬೀಗಕ್ಕೆ ಕೀಲಿಕೈ ಇಲ್ಲ. ಹೆಂಗೆ ತಿರುಗಿಸ್ಬೇಕು ಅನ್ನೋ ಗುಟ್ಟೇ ಕೀಲಿಕೈ. ಆ ಗುಟ್ಟು ಬಯಲಾದ್ರೆ ಪೆಟ್ಟಿಗೆ ಕೊಳ್ಳೋರಿಲ್ಲ, ಮನೇಲಿ ಒಲೆ ಉರಿಯಲ್ಲ.

ಕೊಳ್ಳೋಕೆ ಬಂದೋನು ವೀರಭದ್ರಶೆಟ್ಟಿ. ಹೆಂಡ್ತಿ ಕೊಟ್ಟ ನೀರನ್ನೂ ಮೂಸಿ ಕುಡಿಯೋ ಅನುಮಾನದ ಪ್ರಾಣಿ. "ನಿಮ್ಮ ಬೀಗ ನಿಮಗೇ ತೆಗೆಯೋಕೆ ಬರುತ್ತೋ ಇಲ್ವೋ! ನಮ್ಮನೆಗೆ ತಂದು ರುಜುವಾತು ತೋರ್ಸಿ!" ಅಂದ.

"ತೆಗೆದು ತೋರ್ಸಿ ಬಾರೋ ಮಗಾ," ಅಂದ್ಲು ಅವ್ವ. ಇವನು ಪೆಟ್ಟಿಗೆ ಹೊತ್ಕೊಂಡು ಶೆಟ್ಟಿ ಮನೆಗೆ ಹೋದ. "ನೋಡಿ ಶೆಟ್ರೇ, ಎಡಕ್ಕೆ ತಿರುವಿ, ಬಲಕ್ಕೆ ತಿರುವಿ, ಹಿಂಗೆ ಒತ್ತಿ!" ಅಂತ ಬೀದಿಗೆಲ್ಲ ಕೇಳೋ ಹಂಗೆ ಕೂಗಿ ತೆಗೆದ.

ಅವ್ವ ತಲೆ ಚಚ್ಕೊಂಡ್ಲು. ಬೀಗ ಬಿಚ್ಚಿ ಗುಟ್ಟನ್ನೇ ಬದಲಾಯಿಸಿದ್ಲು. "ಅಯ್ಯೋ ಪೆದ್ದಾ! ಅವರು ನೋಡದ ಹಂಗೆ ತೆಗೀಬೇಕು ಕಣೋ!"

"ಆಗ್ಲಿ ಕಣವ್ವ." ಶೆಟ್ಟೀನ ಗೋಡೆ ಕಡೆ ತಿರುಗಿಸಿ ನಿಲ್ಲಿಸಿದ. ಬೀಗ ತೆಗೆದ. ಮತ್ತೆ ಹಾಕಿದ. "ಈಗ ತಿರುಗಿ ಶೆಟ್ರೇ, ತೆಗೆದಾಯ್ತು!"

"ಯಾರಿಗೆ ಟೋಪಿ ಹಾಕ್ತೀಯೋ?" ಅಂತ ಶೆಟ್ಟಿ ಹಾರಾಡಿದ.

"ಥೂ ನಿನ್ನ! ಸಾಕ್ಷಿ ಬೇಡ್ವೇನೋ? ಸಾಕ್ಷಿ ಮೇಲೂ ಅನುಮಾನ ಬಂದ್ರೆ ಆ ಸಾಕ್ಷಿಗೊಬ್ಬ ಸಾಕ್ಷಿ!" ಅಂದ್ಲು ಅವ್ವ.

"ಆಗ್ಲಿ ಕಣವ್ವ." ಕ್ಷೌರಿಕನನ್ನ ಕರೆದ. ಕ್ಷೌರಿಕನಿಗೆ ಸಾಕ್ಷಿ ಕುಂಬಾರ, ಕುಂಬಾರನಿಗೆ ಹೂವಾಡಗಿತ್ತಿ, ಅವಳಿಗೆ ಅವಳತ್ತೆ! ಶೆಟ್ಟಿ ಪಡಸಾಲೇಲಿ ಕಾಲಿಡೋಕೆ ಜಾಗ ಇಲ್ಲ. "ಎಲ್ಲಾ ಕಳ್ಳರು! ಆಚೆ ನಡೀರಿ!" ಅಂತ ಶೆಟ್ಟಿ ಅಟ್ಟಿಬಿಟ್ಟ.

ಅವ್ವನಿಗೆ ಅಳು ಬಂತು. "ಊರನ್ನೇ ಹೊತ್ಕೊಂಡು ಹೋದ್ಯಲ್ಲೋ! ನಡಿ, ನಾನೇ ಪೆಟ್ಟಿಗೆ ಒಳಗೆ ಕೂರ್ತೀನಿ. ಬೀಗ ಹಾಕಿ, ಶೆಟ್ಟಿ ನೋಡದ ಹಂಗೆ ತೆಗಿ. ನಾನು ಎದ್ದು ಬಂದ್ರೆ ಅದೇ ರುಜುವಾತು. ಆದ್ರೆ ಜೋಕೆ, ರುಜುವಾತಿಲ್ದೆ ಯಾರನ್ನೂ ನಂಬಬೇಡ!"

"ಆಗ್ಲಿ ಕಣವ್ವ." ಶೆಟ್ಟಿ ಮುಂದೆ ಅವ್ವ ಒಳಗೆ ಕೂತ್ಲು. ಇವನು ಬೀಗ ಹಾಕಿದ.

"ತೆಗಿಯೋ ಈಗ!"

"ಯಾರದು?"

"ನಿಮ್ಮವ್ವ ಕಣೋ!"

"ಏನು ರುಜುವಾತು?"

"ದನಿ ಗೊತ್ತಾಗಲ್ವೇನೋ ಮುಂಡೇದೇ! ಉಸಿರು ಕಟ್ತದೆ!"

"ದನಿ ಯಾರು ಬೇಕಾದ್ರೂ ಮಾಡ್ತಾರೆ. ಆಚೆ ಬಂದು ಮುಖ ತೋರ್ಸು, ಆಮೇಲೆ ಬೀಗ ತೆಗೀತೀನಿ!"

ಶೆಟ್ಟಿ ಮುಖ ಅರಳ್ತು. "ಹೆತ್ತವ್ವನಿಗೂ ತೆಗೀದ ಬೀಗ! ಇದಪ್ಪಾ ಬೀಗ ಅಂದ್ರೆ!" ಅಂತ ದುಡ್ಡು ಎಣಿಸಿ ಕೊಟ್ಟು, ಪೆಟ್ಟಿಗೇನ ಹಂಗೇ ಗಾಡಿಗೆ ಹೇರಿಸ್ಕೊಂಡು ಸಂತೆಗೆ ಹೊರಟ. ಒಳಗಿಂದ ದಬದಬ ಬಡಿಯೋ ಸದ್ದು ಬೀದಿ ಕೊನೇವರೆಗೂ ಕೇಳಿಸ್ತು.

ನಮ್ಮ ಜವರಾಯಿ ಕುಣೀತಾ ಮನೆಗೆ ಓಡಿ ಬಾಗಿಲು ಬಡಿದ. "ಅವ್ವಾ, ಬಾಗ್ಲು ತೆಗಿ! ಪೆಟ್ಟಿಗೆ ಮಾರಾಯ್ತು!"